ನಂದಿ ಬೆಟ್ಟದ ಸೂರ್ಯೋದಯಕ್ಕೆ ಹೋಗಿ ತುಂಬಾ ಬೇಸರವಾಯ್ತು: ಜನ, ಮಂಜು, ಕೋತಿಗಳು

ಬೆಳಗಿನ ಪಯಣಿಗ

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ಅಪ್ಪ-ಅಮ್ಮನ್ನ ಕರ್ಕೊಂಡು ನಂದಿ ಬೆಟ್ಟಕ್ಕೆ ಹೋಗಿದ್ದೆ. ಇಬ್ಬರೂ ಅರಸೀಕೆರೆ ಕಡೆಯವರು. ಬೆಂಗಳೂರಿಗೆ ಬಂದಾಗಲೆಲ್ಲ "ಮೋಡದ ಮೇಲೆ ಸೂರ್ಯ ಹುಟ್ಟೋದು ತೋರಿಸ್ತೀನಿ" ಅಂತ ಹೇಳ್ತಾನೇ ಇದ್ದೆ. ಆ ವಿಡಿಯೋಗಳನ್ನ ನೀವೂ ನೋಡಿರ್ತೀರ. ಕೆಳಗೆ ಹಾಲಿನಂಥ ಮೋಡ, ಮೇಲೆ ಕೇಸರಿ ಆಕಾಶ, ತುದಿಯಲ್ಲಿ ಒಬ್ಬರೇ ನಿಂತಿರ್ತಾರೆ.

ನಮಗೆ ಸಿಕ್ಕಿದ್ದೇ ಬೇರೆ. ವಿಜಯನಗರದಿಂದ ಕತ್ತಲಲ್ಲೇ ಹೊರಟ್ವಿ. ಕಾರಹಳ್ಳಿ ಕ್ರಾಸ್ ದಾಟಿ ಸ್ವಲ್ಪ ದೂರ ಹೋಗೋಷ್ಟರಲ್ಲಿ ಮುಂದೆ ಬರೀ ಕೆಂಪು ಲೈಟು. ತಿರುವುಗಳಲ್ಲಿ ಒಂದೊಂದೇ ಗಾಡಿ ಮುಂದಕ್ಕೆ ಹೋಗ್ತಾ ಹೋಗ್ತಾ ಬೆಳಕು ಹರಿದದ್ದು ಕಾರಿನಲ್ಲೇ. ಮೇಲೆ ಹೋಗಿ ಪಾರ್ಕಿಂಗ್ ಹುಡುಕಿ, ಅಪ್ಪನ ಮಂಡಿ ನೋವಿಗೆ ನಿಂತು ನಿಂತು ನಡೆದು, ಅಂಚಿನ ಕಲ್ಲುಕಟ್ಟೆ ಮುಟ್ಟಿದಾಗ ಎದುರಿಗೆ ಕಾಣಿಸಿದ್ದು ಬರೀ ಬಿಳುಪು. ಹತ್ತು ಅಡಿ ಆಚೆಗೆ ಏನೂ ಇಲ್ಲ. ಭುಜಕ್ಕೆ ಭುಜ ತಾಗಿಸ್ಕೊಂಡು ನೂರಾರು ಜನ ಆ ಬಿಳುಪಿಗೇ ಮೊಬೈಲ್ ಹಿಡ್ಕೊಂಡು ನಿಂತಿದ್ರು.

ಆಮೇಲೆ ಕೋತಿ. ತಿಂಡಿ ತಿನ್ನೋಣ ಅಂತ ಬೆಂಚಿನ ಮೇಲೆ ಕೂತ್ವಿ. ದೊಡ್ಡ ಗಂಡು ಕೋತಿಯೊಂದು ಕಟ್ಟೆ ಮೇಲೆ ಬೇರೆ ಕಡೆ ಮುಖ ಮಾಡ್ಕೊಂಡು ಕೂತಿತ್ತು. ಅಮ್ಮ ನೀರಿನ ಬಾಟಲ್ ತೆಗೆಯೋಕೆ ಆಚೆ ತಿರುಗಿದ್ದೇ ತಡ, ಬ್ಯಾಗಿನ ಜಿಪ್ಪನ್ನ ಎರಡು ಬೆರಳಲ್ಲಿ ಹಿಡಿದು ಸರ್ರನೆ ಎಳೀತು. ಹರಿಯಲಿಲ್ಲ, ಕಚ್ಚಲಿಲ್ಲ, ಜಿಪ್ ತೆಗೀತು! ಡಬ್ಬಿ ತಗೊಂಡು ಕಲ್ಲಿನ ಮೇಲೆ ಹೋಗಿ, ಹಲ್ಲಲ್ಲಿ ಮುಚ್ಚಳ ಎತ್ತಿ, ಚಿತ್ರಾನ್ನದಲ್ಲಿ ಮೊದಲು ಕಡಲೇಬೀಜ ಮಾತ್ರ ಒಂದೊಂದಾಗಿ ಆರಿಸಿ ಕೆನ್ನೆಗೆ ತುಂಬ್ಕೊಳ್ತು. ಅಷ್ಟರಲ್ಲಿ ಇನ್ನೊಂದು ಬಂದು ಅದೇ ಬ್ಯಾಗಿಂದ ಅಮ್ಮನ ಬಿ.ಪಿ. ಮಾತ್ರೆ ಸ್ಟ್ರಿಪ್ ಎತ್ಕೊಂಡು ಮರ ಹತ್ತಿತು. ಅಲ್ಲೇ ಕೂತು ಫಾಯಿಲ್ ಹರಿದು ಎಷ್ಟೋ ಮಾತ್ರೆ ಬಾಯಿಗೆ ಹಾಕ್ಕೊಳ್ತು. ಅಮ್ಮನಿಗೆ ತಮ್ಮ ಮಾತ್ರೆ ಹೋಗಿದ್ದಕ್ಕಿಂತ "ಅಯ್ಯೋ, ಆ ಪ್ರಾಣಿಗೆ ಏನಾಗುತ್ತೋ" ಅನ್ನೋದೇ ಹೆಚ್ಚಾಯ್ತು. ದಾರಿ ಪೂರ್ತಿ ಅದನ್ನೇ ಹೇಳ್ತಾ ಬಂದ್ರು.

ನನ್ನ ಪ್ರಶ್ನೆ ಇಷ್ಟೇ. ವರ್ಷವೆಲ್ಲ ಹೀಗೇನಾ? ಹಾಗಿದ್ರೆ ಈ ಜಾಗವನ್ನ ಯಾಕೆ ಇಷ್ಟು ಹೊಗಳ್ತಾರೆ? ಮತ್ತೆ ಆ ಕೋತಿಗಳ ಬಗ್ಗೆ ಯಾರೂ ಏನೂ ಮಾಡಲ್ವಾ?

ಪೆಡಲ್ ಮಂಜಣ್ಣ

ಮೊದಲು ಅಮ್ಮ ಹೇಗಿದ್ದಾರೆ ಹೇಳಿ. ಮಾತ್ರೆ ತಪ್ಪಿಸ್ಬಾರದು.

ನಾನು ಸೈಕಲ್ಲಲ್ಲಿ ಆ ಬೆಟ್ಟ ಬಹಳ ಸಲ ಹತ್ತಿದ್ದೀನಿ. ನಿಮಗೆ ಸಿಕ್ಕ ಬಿಳುಪು ಅಪರೂಪ ಏನಲ್ಲ. ಮಳೆಗಾಲ ಪೂರ್ತಿ ಹಾಗೇ ಇರುತ್ತೆ. ಬೆಟ್ಟದ ಎತ್ತರ 1478 ಮೀಟರ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಅದೇ ಎತ್ತರದಲ್ಲಿ ಓಡಾಡುತ್ತೆ. ಅಂದ್ರೆ ನೀವು ಮೋಡದ ಮೇಲೆ ಇರಲ್ಲ, ಮೋಡದ ಒಳಗೇ ಇರ್ತೀರ.

ವಿಡಿಯೋದಲ್ಲಿ ಬರೋ ಮೋಡದ ಸಮುದ್ರ ಬೇರೆ ಥರದ್ದು. ಚಳಿಗಾಲದಲ್ಲಿ ಆಕಾಶ ಶುಭ್ರವಾಗಿ, ಗಾಳಿ ಬೀಸದೇ ಇದ್ದ ರಾತ್ರಿ ನೆಲ ಬೇಗ ತಣ್ಣಗಾಗುತ್ತೆ. ತಂಪು ಗಾಳಿ ಭಾರ, ಅದು ಕೆಳಗೆ ಬಯಲಲ್ಲೇ ಕೂರುತ್ತೆ. ಅದರಲ್ಲಿ ತೇವ ಇದ್ರೆ ಮಂಜಾಗುತ್ತೆ, ಮೇಲಿನ ಬೆಚ್ಚಗಿನ ಗಾಳಿ ಮುಚ್ಚಳದ ಹಾಗೆ ಅದನ್ನ ಅಲ್ಲೇ ಹಿಡಿದಿಡುತ್ತೆ. ಹಿಂದಿನ ಒಂದೆರಡು ದಿನದಲ್ಲಿ ಮಳೆ ಬಿದ್ದು ನೆಲ ಒದ್ದೆ ಇರಬೇಕು, ರಾತ್ರಿ ಗಾಳಿ ನಿಂತಿರಬೇಕು, ಆಕಾಶ ತಿಳಿಯಾಗಿರಬೇಕು. ನವೆಂಬರ್‌ನಿಂದ ಜನವರಿ ಒಳಗೂ ಇವೆಲ್ಲ ಒಟ್ಟಿಗೆ ಕೂಡಿಬರೋ ಬೆಳಗ್ಗೆಗಳು ಕೆಲವೇ. ವಿಡಿಯೋ ಹಾಕೋರು ಆ ಒಂದು ಬೆಳಗ್ಗೆಯದ್ದನ್ನ ಹಾಕ್ತಾರೆ, ತಿಂಗಳೂ ಹೇಳಲ್ಲ. ನನಗೆ ಸಿಟ್ಟು ಬರೋದು ಅದಕ್ಕೇ.

ಇನ್ನೊಂದು ಲೆಕ್ಕ ಯಾರೂ ನೋಡಲ್ಲ. ನಮ್ಮಲ್ಲಿ ಜೂನ್ ಮೊದಲ ವಾರ ಸೂರ್ಯ ಆರು ಗಂಟೆಗೂ ಮುಂಚೆ ಹುಟ್ಟುತ್ತಾನೆ. ಜನವರಿ ಕೊನೆಗೆ ಅದು ಆರೂ ಮುಕ್ಕಾಲು. ಬೇಸಿಗೆಯಲ್ಲಿ ಗೇಟಿನ ಸಾಲಲ್ಲಿ ನಿಂತು ಒಳಗೆ ಹೋಗೋಷ್ಟರಲ್ಲಿ ಸೂರ್ಯೋದಯ ಮುಗಿದೇ ಹೋಗಿರುತ್ತೆ.

ಹುಬ್ಬಳ್ಳಿ ಮಂದಿ

ಬರೋಬ್ಬರಿ ಹೇಳಿದ್ರಿ ಮಂಜಣ್ಣ. ನಮ್ಮ ಕಡೆ ಅಂಜನಾದ್ರಿನೂ ಹಂಗ ಆಗೇತ್ರಿ. ಆನೆಗೊಂದಿ ಹತ್ರ, 575 ಮೆಟ್ಟಲಾ. ಮದಲ ಭಕ್ತಿಯಿಂದ ಬರೋ ಮಂದಿ ಹತ್ತತಿದ್ರು, ಈಗ ಅರ್ಧಾ ಮಂದಿ ರೀಲ್ಸ್ ಮಾಡಾಕ ಬರ್ತಾರ. ಮೆಟ್ಟಲ ತುಂಬ ಮಂಗ್ಯಾಗೋಳು. ಹನುಮಪ್ಪನ ಊರಾಗ ಮಂಗ್ಯಾಗ ಬಾಳೆಹಣ್ಣ ಕೊಟ್ರ ಪುಣ್ಯಾ ಅಂತ ಎಲ್ಲಾರೂ ಕೊಡ್ತಾರ. ಕೊಟ್ಟಾಂವಾ ಹೋಗಿಬಿಡ್ತಾನ, ಹಿಂದ ಬರೋ ಮುದುಕಿ ಕೈಯಾಗಿನ ಕಾಯಿ ಚೀಲಾ ಕಸಗೊಂತಾವ. ಆಕಿ ಮೆಟ್ಟಲ ಮ್ಯಾಲ ಬಿದ್ರ ಯಾರು ಹೊಣಿ?

ಅವ್ವಾರಿಗೆ ಏನಾತು ಅಂತ ಓದಿ ಭಾಳ ಕೆಟ್ಟ ಅನಿಸ್ತು. ಹಿರೇರನ್ನ ಕರಕೊಂಡ ಹೋಗಾಕ ಭಾನುವಾರ ಬ್ಯಾಡ್ರಿ.

ನಂದಿ ಊರಿನವಳು

ನಾನು ಬೆಟ್ಟದ ಕೆಳಗಿನವಳು. ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ. ಊರವರ ಕಡೆಯಿಂದ ಸ್ವಲ್ಪ ಹೇಳ್ತೀನಿ, ದಯವಿಟ್ಟು ಓದಿ.

ಶನಿವಾರ ರಾತ್ರಿ ಎರಡು ಗಂಟೆಯಿಂದಲೇ ನಮಗೆ ಬೈಕಿನ ಸದ್ದು ಶುರು. ಸೈಲೆನ್ಸರ್ ಕಿತ್ತ ಗಾಡಿಗಳು ಗುಂಪು ಗುಂಪಾಗಿ ಬರ್ತವೆ. ಬೆಳಗ್ಗೆ ಹಾಲು ಡೇರಿಗೆ ಹಾಕೋಕೆ ರಸ್ತೆ ದಾಟೋದೇ ಕಷ್ಟ. 2021ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮೇಲಿನ ರಸ್ತೆ ಕೊಚ್ಚಿ ಹೋದಾಗ ತಿಂಗಳುಗಟ್ಟಲೆ ಬೆಟ್ಟ ಮುಚ್ಚಿದ್ರು. ನಮ್ಮ ವ್ಯಾಪಾರ ನಿಂತುಹೋಯ್ತು, ಅದು ಕಷ್ಟವೇ. ಆದ್ರೆ ಊರಿಗೆ ರಾತ್ರಿ ನಿದ್ದೆ ಬಂದಿದ್ದೂ ನಿಜ.

ಕೋತಿ ವಿಷಯಕ್ಕೆ ಬರ್ತೀನಿ. ನಮ್ಮಜ್ಜಿ ಕಾಲದಲ್ಲೂ ಕೋತಿ ಇದ್ವು. ಅತ್ತಿಹಣ್ಣು, ಆಲದ ಹಣ್ಣು, ನೇರಳೆ, ಚಿಗುರು ತಿನ್ಕೊಂಡು ಬೆಟ್ಟದಲ್ಲೇ ಇರ್ತಿದ್ವು. ದ್ರಾಕ್ಷಿ ಕಾಲಕ್ಕೆ ಮಾತ್ರ ತೋಟಕ್ಕೆ ಇಳೀತಿದ್ವು. ನಮ್ಮ ಕಡೆ ಬೆಂಗಳೂರು ನೀಲಿ ದ್ರಾಕ್ಷಿ ಜಾಸ್ತಿ, ಗೊತ್ತಲ್ಲ. ಈಗ ಅವು ದಿನ ಎಣಿಸ್ತವೆ ಅನ್ಸುತ್ತೆ ನಂಗೆ. ವಾರದ ಮಧ್ಯೆ ಜನ ಕಮ್ಮಿ ಅಂತ ಊರೊಳಗೆ ಹೆಂಚು ಎತ್ತಿ ಅಡುಗೆಮನೆಗೆ ನುಗ್ತವೆ, ಶನಿವಾರ-ಭಾನುವಾರ ಮೇಲೆ ಹೋಗಿ ಪಾರ್ಕಿಂಗಲ್ಲಿ ಕೂರ್ತವೆ. ಪ್ಲಾಸ್ಟಿಕ್ ಕವರಿನ ಪರಪರ ಸದ್ದು ಕೇಳಿದ್ರೆ ಸಾಕು, ಮರದ ತುದಿಯಲ್ಲಿದ್ದದ್ದೂ ಇಳಿದು ಬರುತ್ತೆ.

ನಮ್ಮತ್ತೆ ಸೌತೆಕಾಯಿ, ಮಾವಿನಕಾಯಿಗೆ ಖಾರ-ಉಪ್ಪು ಹಚ್ಚಿ ಮಾರ್ತಾರೆ. ಪಕ್ಕದಲ್ಲಿ ಯಾವಾಗಲೂ ಒಂದು ಕೋಲಿರುತ್ತೆ. ಆ ಕೋಲು ನೋಡಿ ಬೆಂಗಳೂರಿಂದ ಬಂದೋರು ನಮಗೆ ಬುದ್ಧಿ ಹೇಳ್ತಾರೆ, ಆಮೇಲೆ ತಾವೇ ಚಿಪ್ಸ್ ಪ್ಯಾಕೆಟ್ ಒಡೆದು ಮರಿಕೋತಿ ಕೈಗೆ ಕೊಟ್ಟು ಫೋಟೋ ತಗೋತಾರೆ. ಹೋದ ತಿಂಗಳು ಒಂದು ತಾಯಿಕೋತಿ ನೋಡ್ದೆ. ಹೊಟ್ಟೆಗೆ ಅಂಟಿಕೊಂಡಿದ್ದ ಮರಿ ಬಾಯಲ್ಲಿ ಬಿಸ್ಕೆಟಿನ ಬಣ್ಣದ ಕಾಗದ. ತಾಯಿ ಅದನ್ನ ಬೆರಳು ಹಾಕಿ ತೆಗೀತಾ ಇತ್ತು, ಮರಿ ಬಿಡ್ತಾ ಇರಲಿಲ್ಲ. ಬಹಳ ಹೊತ್ತು ಹಾಗೇ ಎಳೆದಾಡಿ ಕೊನೆಗೆ ತುಂಡು ಒಳಗೇ ಹೋಯ್ತು. ಅದನ್ನ ನೋಡಿದ್ಮೇಲೆ ನಂಗೆ ಅವುಗಳ ಮೇಲೆ ಕೋಪ ಬರಲ್ಲ.

ರಾಜಾಜಿನಗರ ಆರನೇ ಬ್ಲಾಕ್

ಮೇಡಂ, ಮರುಕ ಸರಿ, ಆದ್ರೆ ಮನುಷ್ಯರ ಸುರಕ್ಷತೆ ಮೊದಲು. ಚಿಕ್ಕ ಮಕ್ಕಳು ಬರೋ ಜಾಗ. ಹಿಡಿದು ದೂರದ ಕಾಡಿಗೆ ಬಿಟ್ಟುಬರೋಕೆ ಏನು ಕಷ್ಟ? ಟಿಕೆಟ್ ದುಡ್ಡು, ಪಾರ್ಕಿಂಗ್ ದುಡ್ಡು ತಗೊಂಡ ಮೇಲೆ ಇಷ್ಟೂ ಮಾಡಬಾರದಾ? ನಮ್ಮ ಪಕ್ಕದ ಮನೆಯವರ ಮೊಮ್ಮಗಳ ಕೈ ಪರಚಿತ್ತು. ಮಗು ಈಗಲೂ ನಾಯಿ ಕಂಡ್ರೂ ಕಿರುಚುತ್ತೆ.

ತೋಟದ ಮನೆ, ಸಾಗರ

ರಾಜಾಜಿನಗರದ ಅಣ್ಣಾ, "ದೂರದ ಕಾಡು" ಅಂತ ನೀವು ಹೇಳೋದು ನಮ್ಮ ಮನೆ ಅಂಗಳ ಮಾರಾಯ್ರೆ.

ಬೇರೆ ಊರಲ್ಲಿ ಹಿಡಿದ ಮಂಗಗಳನ್ನ ರಾತ್ರಿ ತಂದು ಘಟ್ಟದಲ್ಲಿ ಬಿಟ್ಟು ಹೋಗ್ತಾರೆ ಅಂತ ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಪೇಟೆ ಮಂಗ ಅಂದ್ರೆ ನಮಗೆ ಕಂಡ ಕೂಡಲೇ ಗೊತ್ತಾಗ್ತದೆ. ಕಾಡಿನ ಮಂಗ ಮನುಷ್ಯನ್ನ ಕಂಡ್ರೆ ಓಡ್ತದೆ, ಇವು ಬಾಗಿಲಿಗೇ ಬರ್ತವೆ. ಎಳೆ ಅಡಿಕೆ, ಬಾಳೆಗೊನೆ, ಕೋಕೋ, ಏಲಕ್ಕಿಯ ಎಳೆ ಸುಳಿ ಯಾವುದನ್ನೂ ಬಿಡೋದಿಲ್ಲ. ಮಂಗಗಳಿಗೇ ಒಂದು ಪಾರ್ಕ್ ಮಾಡಿ ಅಂತ ಮಲೆನಾಡಿನ ರೈತರು ಸರ್ಕಾರವನ್ನ ಕೇಳೋ ಮಟ್ಟಕ್ಕೆ ಹೋಗಿದ್ದು ಸುಮ್ಮನೆ ಅಲ್ಲ. ಆ ಪಾರ್ಕ್ ತಮ್ಮೂರ ಹತ್ತಿರ ಬರೋದು ಬೇಡ ಅಂತ ಇನ್ನೊಂದು ಊರಿನವರು ತಕರಾರು ತೆಗೆದ್ರು, ಅದೂ ನ್ಯಾಯವೇ.

ಜನರ ಸಿಟ್ಟು ಎಲ್ಲಿಗೆ ಹೋಗ್ತದೆ ಅಂತಲೂ ನೋಡಿ. 2021ರ ಜುಲೈಯಲ್ಲಿ ಹಾಸನ ಜಿಲ್ಲೆ ಬೇಲೂರು ತಾಲ್ಲೂಕಲ್ಲಿ 38 ಮಂಗಗಳನ್ನ ಕೊಂದು ಗೋಣಿಚೀಲದಲ್ಲಿ ತುಂಬಿ ರಸ್ತೆ ಬದಿ ಎಸೆದಿದ್ರು. ಹೈಕೋರ್ಟು ತಾನಾಗಿಯೇ ಆ ಪ್ರಕರಣ ಕೈಗೆತ್ತಿಕೊಳ್ತು. ಚೀಲ ಬಿಚ್ಚಿ, ಇನ್ನೂ ಜೀವ ಇದ್ದವಕ್ಕೆ ನೀರು ಕುಡಿಸಿದ ಊರ ಹುಡುಗರ ವಿಡಿಯೋ ನೋಡಿ ನಾನು ಅತ್ತಿದ್ದೆ, ಮಂಗನ ಕಾಟದಿಂದ ತೋಟ ಕಳ್ಕೊಂಡವನೇ ಆದ್ರೂ.

ಮರದಡಿ ಮೇಷ್ಟ್ರು

ಸಾಗರದವರು ಹೇಳಿದ್ದನ್ನು ನಾನು ಇನ್ನೊಂದು ಕಡೆಯಿಂದ ಹೇಳುತ್ತೇನೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿದವನು, ಕೋತಿಗಳನ್ನು ನೋಡುತ್ತಾ ಕೂರುವುದು ನನಗೆ ಬಹಳ ಇಷ್ಟದ ಕೆಲಸ.

ನಂದಿಯಲ್ಲಿರುವುದು ಬಾನೆಟ್ ಮಕಾಕ್. ನೆತ್ತಿಯ ಕೂದಲು ಟೋಪಿಯಂತೆ ಸುತ್ತಲೂ ಹರಡಿಕೊಂಡಿರುತ್ತದೆ, ಅದಕ್ಕೇ ಆ ಹೆಸರು. ದಕ್ಷಿಣ ಭಾರತ ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಿನಲ್ಲೂ ಈ ಜಾತಿ ಇಲ್ಲ. ಹೆಣ್ಣುಗಳು ಹುಟ್ಟಿದ ಗುಂಪಿನಲ್ಲೇ ಕೊನೆಯವರೆಗೆ ಉಳಿಯುತ್ತವೆ, ಗಂಡುಗಳು ದೊಡ್ಡವಾದ ಮೇಲೆ ಗುಂಪು ಬದಲಿಸುತ್ತವೆ. ಹಾಗಾಗಿ ಯಾವ ಅಂಗಡಿಯವನು ಅಂಜುತ್ತಾನೆ, ಯಾವ ಕಸದ ಬುಟ್ಟಿ ತೆರೆದಿರುತ್ತದೆ ಎಂಬ ಅರಿವು ತಾಯಿಯಿಂದ ಮಗಳಿಗೆ ಸಾಗಿ ಗುಂಪಿನಲ್ಲೇ ಉಳಿಯುತ್ತದೆ. ಜಿಪ್ ತೆಗೆಯುವುದನ್ನು ಮರಿಗಳು ದೊಡ್ಡವನ್ನು ನೋಡಿಯೇ ಕಲಿಯುತ್ತವೆ.

ಕೆನ್ನೆಯೊಳಗೆ ಚೀಲವಿರುವುದರಿಂದ ಕಸಿದದ್ದನ್ನು ಅಗಿಯದೆ ತುಂಬಿಕೊಂಡು ದೂರ ಹೋಗಿ ನಿಧಾನವಾಗಿ ತಿನ್ನುತ್ತವೆ. ಪಯಣಿಗರು ಕಂಡ ಕಡಲೇಬೀಜದ ಕೆನ್ನೆ ಅದೇ. ಬಂಡೀಪುರದ ರಸ್ತೆಬದಿಯ ಮಕಾಕ್‌ಗಳ ಬಗ್ಗೆ ಬೆಂಗಳೂರಿನ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅವು ತಿಂಡಿ ಇರುವ ಮನುಷ್ಯರ ಕಡೆಗೆ ತಿರುಗಿ, ಒಂದು ಬಗೆಯ ಮೆಲುದನಿ ಹೊರಡಿಸಿ, ಕೈ ಚಾಚಿ ಕೇಳುತ್ತವಂತೆ, ಕೊಡುತ್ತಾರಾ ಎಂದು ಕಾದು ನೋಡುತ್ತವಂತೆ. ನಮ್ಮ ಜೊತೆ ಮಾತಾಡಲು ಅವು ಕಲಿತಿವೆ. ಕಲಿಸಿದವರು ನಾವು.

ಈಗ ಬೇಸರದ ಸಂಗತಿ. ಎಲ್ಲ ಕಡೆ ಕೋತಿ ಜಾಸ್ತಿಯಾಗಿದೆ ಎಂದು ನಮಗೆ ಅನ್ನಿಸುತ್ತದೆ. ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಲೆಕ್ಕ ಬೇರೆಯೇ ಹೇಳುತ್ತದೆ. ಕಾಲು ಶತಮಾನದಲ್ಲಿ ಅವರು ನೋಡಿದ ಪ್ರದೇಶದ ಬಾನೆಟ್ ಮಕಾಕ್‌ಗಳು ಅರ್ಧಕ್ಕಿಂತ ಹೆಚ್ಚು ಕಡಿಮೆಯಾಗಿವೆ. ರಸ್ತೆ ಅಗಲ ಮಾಡಲು ಸಾಲುಮರದ ಆಲ, ಅತ್ತಿಗಳನ್ನು ಕಡಿದದ್ದು ಒಂದು ಕಾರಣ, ಹಿಡಿದು ಸಾಗಿಸಿದ್ದು ಇನ್ನೊಂದು. ಉತ್ತರದ ರೀಸಸ್ ಕೋತಿ ದಕ್ಷಿಣಕ್ಕೆ ಹಬ್ಬುತ್ತಾ ಇವುಗಳ ಜಾಗ ಹಿಡಿಯುತ್ತಿದೆ. ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟೆಂದು ಹೇಳುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಮೊದಲು ಚಿಂತೆಯಿಲ್ಲದ ಗುಂಪಿನಲ್ಲಿದ್ದ ಜಾತಿ ಈಗ ಅಪಾಯದ ಅಂಚಿಗೆ ಸರಿದಿದೆ. ಹರಡಿಕೊಂಡಿದ್ದವು ಬೆಟ್ಟ, ಗುಡಿ, ಪಾರ್ಕಿಂಗುಗಳಲ್ಲಿ ಒತ್ತೊತ್ತಾಗಿ ಸೇರಿಕೊಂಡಿರುವುದರಿಂದ ನಮ್ಮ ಕಣ್ಣಿಗೆ ಹೆಚ್ಚಾದಂತೆ ಕಾಣುತ್ತವೆ.

ಹಿಡಿದು ಸಾಗಿಸಿದರೆ ತೆರವಾದ ಜಾಗಕ್ಕೆ ಪಕ್ಕದ ಗುಂಪು ಬರುತ್ತದೆ, ಕಸದ ಬುಟ್ಟಿ ಅಲ್ಲೇ ಇರುತ್ತದಲ್ಲ.

ಎರಡು ಮಕ್ಕಳ ಅಮ್ಮ

ಮೇಷ್ಟ್ರೇ, ದಯವಿಟ್ಟು ಒಂದು ಹೇಳಿ. ಎದುರಿಗೆ ಬಂದಾಗ ಏನು ಮಾಡಬೇಕು? ನಮ್ಮ ಚಿಕ್ಕವನು ನಗ್ತಾ ಹತ್ತಿರ ಹೋಗ್ತಾನೆ. ಕೋತಿ ಕಚ್ಚಿದ್ರೆ ಮಂಗನ ಕಾಯಿಲೆ ಬರುತ್ತೆ ಅಂತ ನಮ್ಮ ಅತ್ತಿಗೆ ಹೆದರಿಸಿದ್ದಾರೆ, ಅದು ನಿಜವಾ?

ಮರದಡಿ ಮೇಷ್ಟ್ರು

ತಾಯೀ, ಮಗುವಿನ ನಗೆಯೇ ಇಲ್ಲಿ ತೊಂದರೆ. ಹಲ್ಲು ಕಾಣಿಸುವುದಕ್ಕೆ ಅವುಗಳಲ್ಲಿ ಬೇರೆ ಅರ್ಥವಿದೆ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಬೆದರಿಕೆ. ಅದು ಹುಬ್ಬು ಮೇಲೆತ್ತಿ, ಬಾಯಿ ಅಗಲಿಸಿ ನಿಮ್ಮನ್ನು ನೋಡಿದರೆ "ಹಿಂದೆ ಹೋಗು" ಎಂದು ಹೇಳುತ್ತಿದೆ. ಮುಖ ಬೇರೆ ಕಡೆ ತಿರುಗಿಸಿ, ಮಗುವನ್ನು ಎತ್ತಿಕೊಂಡು, ಓಡದೆ ನಿಧಾನಕ್ಕೆ ಹಿಂದೆ ಸರಿಯಿರಿ. ಕೈಯಲ್ಲಿರುವುದನ್ನು ಅದು ಹಿಡಿದುಕೊಂಡರೆ ಎಳೆದಾಡಬೇಡಿ, ಬಿಟ್ಟುಬಿಡಿ. ಕಡಿತ ಆಗುವುದು ಬಹುಪಾಲು ಎಳೆದಾಟದಲ್ಲೇ. ಮರಿಯಿರುವ ತಾಯಿಯ ಹತ್ತಿರ ಹೋಗಲೇಬೇಡಿ.

ಶುಶ್ರೂಷೆ

ಕಾಯಿಲೆ ವಿಷಯ ನಾನು ಹೇಳ್ತೀನಿ ಅಕ್ಕಾ, ಆಸ್ಪತ್ರೆಯಲ್ಲೇ ಕೆಲಸ ಮಾಡೋದು.

ಮಂಗನ ಕಾಯಿಲೆ ಬೇರೆ. ಅದನ್ನ ಮೊದಲು ಗುರುತಿಸಿದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆ ಸೊರಬದ ಕ್ಯಾಸನೂರು ಕಾಡಿನಲ್ಲಿ. ಅದು ಕೋತಿ ಕಡಿತದಿಂದ ಬರಲ್ಲ, ಕಾಡಿನ ಉಣುಗು ಕಚ್ಚಿದ್ರೆ ಬರುತ್ತೆ. ಮಲೆನಾಡಲ್ಲಿ ಚಳಿಗಾಲದಿಂದ ಬೇಸಿಗೆ ಮುಗಿಯೋವರೆಗೆ ಎಚ್ಚರ ಬೇಕು.

ಕೋತಿ ಕಚ್ಚಿದ್ರೆ, ಪರಚಿದ್ರೆ ನಾವು ಯೋಚಿಸಬೇಕಾದದ್ದು ರೇಬಿಸ್. ತಕ್ಷಣ ಹರಿಯೋ ನೀರು, ಸೋಪು, ಪೂರ್ತಿ 15 ನಿಮಿಷ ತೊಳೀಬೇಕು. ಅರಿಶಿನ, ಸುಣ್ಣ, ಕಾಫಿಪುಡಿ ಏನೂ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ, ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಉಚಿತ. ಮೊದಲ ದಿನದ್ದು ಹಾಕಿಸ್ಕೊಂಡು ಆಮೇಲೆ ಮರೆತುಬಿಡೋರೇ ಜಾಸ್ತಿ, ಅದು ತುಂಬಾ ಅಪಾಯ. ಡಾಕ್ಟರ್ ಬರೆದುಕೊಟ್ಟ ಅಷ್ಟೂ ಡೋಸು ಮುಗಿಸಿ. ಚರ್ಮ ಹರಿದು ರಕ್ತ ಬಂದಿದ್ರೆ ಲಸಿಕೆ ಜೊತೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್, ಅಂದ್ರೆ ವೈರಸ್ಸನ್ನ ತಕ್ಷಣ ತಡೆಯೋ ಸಿದ್ಧ ಪ್ರತಿಕಾಯದ ಚುಚ್ಚುಮದ್ದು ಕೂಡ ಕೊಡ್ತಾರೆ. ರಾಜಾಜಿನಗರದವರೇ, ನಿಮ್ಮ ಪಕ್ಕದ ಮನೆ ಮಗುವಿಗೆ ಎಲ್ಲಾ ಡೋಸೂ ಆಯ್ತಾ ಅಂತ ಒಮ್ಮೆ ಕೇಳಿ.

ರಾಜಾಜಿನಗರ ಆರನೇ ಬ್ಲಾಕ್

ಕೇಳ್ದೆ. ಎಲ್ಲಾ ಆಗಿದೆಯಂತೆ. ಥ್ಯಾಂಕ್ಸ್ ಮೇಡಂ. ಕಾಡಿಗೆ ಬಿಡೋ ಮಾತು ವಾಪಸ್ ತಗೋತೀನಿ, ಸಾಗರದವರ ಕಥೆ ನಂಗೆ ಗೊತ್ತಿರಲಿಲ್ಲ. ಆದ್ರೆ ಹಾಗೇ ಬಿಟ್ಟುಬಿಡೋದಕ್ಕೂ ನನ್ನ ಒಪ್ಪಿಗೆ ಇಲ್ಲ.

ಶಾಸನ ಓದುವವ

ನಂದಿ ಬೆಟ್ಟವನ್ನೇ ಬೈಯುವವರಿಗೆ ಒಂದು ಮಾತು. ನಿರಾಸೆ ಮಾಡಿದ್ದು ಬೆಟ್ಟವಲ್ಲ, ಅದನ್ನು ಒಂದು ಗಂಟೆಯ ಸೂರ್ಯೋದಯಕ್ಕೆ ಇಳಿಸಿದವರು. ಬೆಳಗ್ಗೆ ಏಳೂವರೆಗೆ ಸಾವಿರಾರು ಜನ ಇಳಿದು ಹೋಗುತ್ತಾರೆ, ಕೆಳಗಿನ ಊರಿನಲ್ಲಿ ಭೋಗನಂದೀಶ್ವರ ಇದ್ದಾನೆಂದು ಕಾರಿನ ಕಿಟಕಿ ಇಳಿಸಿ ನೋಡುವವರೂ ಕಡಿಮೆ. ನನಗೆ ನಿಜಕ್ಕೂ ನೋವಾಗುವ ವಿಷಯವಿದು.

ಆ ಗುಡಿಯ ಅತ್ಯಂತ ಹಳೆಯ ಉಲ್ಲೇಖ ಕ್ರಿ.ಶ. 806ರದು, ರಾಷ್ಟ್ರಕೂಟ ಮೂರನೇ ಗೋವಿಂದನ ಕಾಲದ್ದು. ನೊಳಂಬರು, ಬಾಣರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರಾದ ಮೇಲೊಬ್ಬರು ಕೈಹಚ್ಚಿದ್ದಾರೆ. ಅರುಣಾಚಲೇಶ್ವರ, ಉಮಾಮಹೇಶ್ವರ, ಭೋಗನಂದೀಶ್ವರ ಒಂದೇ ಸಾಲಿನಲ್ಲಿವೆ. ಅರುಣಾಚಲ ಶಿವನ ಬಾಲ್ಯ, ಭೋಗನಂದಿ ಯೌವನ, ಬೆಟ್ಟದ ಮೇಲಿನ ಯೋಗನಂದಿ ವೈರಾಗ್ಯ ಎಂದು ಹಿರಿಯರು ಹೇಳುತ್ತಾರೆ. ಯೋಗನಂದಿಯಲ್ಲಿ ಮದುವೆ ಮಾಡುವುದಿಲ್ಲ, ಭೋಗನಂದಿಯಲ್ಲಿ ಮಾಡುತ್ತಾರೆ. ನಡುವಿನ ಕಲ್ಯಾಣಮಂಟಪದ ಕರಿಕಲ್ಲಿನ ಕಂಬಗಳ ಮೇಲೆ ಎಲೆ, ಬಳ್ಳಿ, ಗಿಳಿಗಳ ಕೆತ್ತನೆ ಎಷ್ಟು ಸೂಕ್ಷ್ಮವೆಂದರೆ, ಒಂದು ಗಿಳಿಯ ಕೊಕ್ಕಿನ ಬಾಗು ನೋಡುತ್ತಾ ನಾನು ಊಟದ ಹೊತ್ತು ಮೀರಿಸಿದ್ದುಂಟು. ಪಕ್ಕದಲ್ಲೇ ಶೃಂಗಿತೀರ್ಥ, ನಾಲ್ಕೂ ಕಡೆ ಮೆಟ್ಟಿಲಿನ ಕಲ್ಯಾಣಿ.

ಮೇಲಿನ ಕೋಟೆಗೂ ಕಥೆಯಿದೆ. ಚಿಕ್ಕಬಳ್ಳಾಪುರದ ಪಾಳೆಯಗಾರರು, ಆಮೇಲೆ ಹೈದರ್, ಟಿಪ್ಪು. 1791ರ ಅಕ್ಟೋಬರಿನಲ್ಲಿ ಬ್ರಿಟಿಷರ ಕಾರ್ನ್‌ವಾಲಿಸನ ಸೈನ್ಯ ರಾತ್ರಿ ದಾಳಿ ಮಾಡಿ ಅದನ್ನು ಹಿಡಿಯಿತು. ಅಂಥ ಕಡಿದಾದ ಬಂಡೆಯನ್ನು ಹತ್ತಿದ್ದಾದರೂ ಹೇಗೆಂದು ಟಿಪ್ಪು ಡ್ರಾಪ್ ಅಂಚಿನಲ್ಲಿ ನಿಂತರೆ ಅಚ್ಚರಿಯಾಗುತ್ತದೆ. 1986ರಲ್ಲಿ ದಕ್ಷಿಣ ಏಷ್ಯಾ ದೇಶಗಳ ಸಾರ್ಕ್ ಶೃಂಗಸಭೆಯ ನಾಯಕರನ್ನು ಇದೇ ಬೆಟ್ಟಕ್ಕೆ ಕರೆತಂದಿದ್ದರು. ಅರ್ಕಾವತಿ ಹುಟ್ಟುವುದು ಈ ಬೆಟ್ಟದ ಮಡಿಲಲ್ಲಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್ ನದಿಗಳ ಮೂಲವೂ ಈ ಬೆಟ್ಟಸಾಲಿನ ಆಸುಪಾಸಿನಲ್ಲೇ. ಸೂರ್ಯ ಕಾಣಲಿಲ್ಲವೆಂದು ಇಷ್ಟನ್ನೆಲ್ಲ ಬಿಟ್ಟು ಬರುವುದೇ?

ಹಕ್ಕಿ ಲೆಕ್ಕ

ಶಾಸನದವರಿಗೆ ಜೊತೆ ಸೇರಿಸ್ತೀನಿ. ಮೇಲಿನ ಹಳೇ ಮರಗಳ ತೋಪಲ್ಲಿ ನೀಲಗಿರಿ ಕಾಡು ಪಾರಿವಾಳ ಸಿಗುತ್ತೆ. ಅದು ಪಶ್ಚಿಮ ಘಟ್ಟದ ಹಕ್ಕಿ, ಬಯಲುಸೀಮೆ ನಡುವೆ ಈ ಒಂದು ಬೆಟ್ಟದ ನೆತ್ತಿಯ ತಂಪಲ್ಲಿ ಉಳ್ಕೊಂಡಿದೆ. ಇಳಿಜಾರಿನ ಬಂಡೆ-ಕುರುಚಲಲ್ಲಿ ಹಳದಿ ಕೊರಳಿನ ಪಿಕಳಾರ ಇದೆ. ಅದಂತೂ ದಖ್ಖನಿನ ಕೆಲವೇ ಬೆಟ್ಟಗಳಲ್ಲಿ ಇರೋದು. ಎರಡನ್ನೂ ನೋಡೋಕೆ ಸೂರ್ಯೋದಯದ ಗುಂಪು ಬೇಕಿಲ್ಲ. ಗುಂಪು ಕೆಳಗಿಳಿದ ಮೇಲೆ, ಎಂಟೂವರೆ ಹೊತ್ತಿಗೆ, ವಾರದ ದಿನ ಹೋಗಿ. ಸ್ಪೀಕರ್ ಹಾಕೋರು ಇರ್ಬಾರದು ಅಷ್ಟೇ. ಹಾಡು ಜೋರಾಗಿ ಹಾಕ್ಕೊಂಡು ನಡೆಯೋರನ್ನ ಅಲ್ಲಿ ತಡೆಯೋರೇ ಇಲ್ಲ, ನಂಗೆ ಕೋತಿಗಿಂತ ದೊಡ್ಡ ತೊಂದರೆ ಅದು.

ಬೆಳಗಿನ ಪಯಣಿಗ

ಎಲ್ಲರಿಗೂ ಧನ್ಯವಾದ. ಅಮ್ಮ ಚೆನ್ನಾಗಿದ್ದಾರೆ, ಚಿಕ್ಕಬಳ್ಳಾಪುರದಲ್ಲಿ ಮೆಡಿಕಲ್ ಶಾಪ್ ಸಿಕ್ತು.

ಗುಡಿ ಬಗ್ಗೆ ಓದಿ ಅಪ್ಪ ನೆಟ್ಟಗೆ ಕೂತ್ರು, ಮತ್ತೆ ಹೋಗೋಣ ಅಂತಿದ್ದಾರೆ. ಆದ್ರೂ ಒಂದು ವಿಷಯದಲ್ಲಿ ನಾನು ಹಿಂದೆ ಸರಿಯಲ್ಲ. "ಜನ ತಿಂಡಿ ಕೊಡಬಾರದು" ಅನ್ನೋದಕ್ಕೆ ಎಲ್ಲಾ ಬಿಟ್ರೆ ಸಾಲದು. ಕೊಡಬೇಡಿ ಅನ್ನೋ ಬೋರ್ಡಿನ ಕೆಳಗೇ ಮುಚ್ಚಳ ಇಲ್ಲದ ಕಸದ ಬುಟ್ಟಿ ಇತ್ತು. ಮುಕ್ಕಾಲು ಪಾಲು ಕೋತಿಗಳು ಅದರಿಂದಲೇ ತಿಂತಾ ಇದ್ವು. ಕೋತಿಗೆ ತೆಗೆಯೋಕೆ ಆಗದಂಥ ಮುಚ್ಚಳ, ದಿನಕ್ಕೆ ಎರಡು ಸಲ ಕಸ ಎತ್ತೋದು, ಗೇಟಲ್ಲೇ ಕವರ್-ತಿಂಡಿ ಇಟ್ಟು ಹೋಗೋಕೆ ಬೀಗದ ಕಪಾಟು, ಕೂತು ತಿನ್ನೋಕೆ ಜಾಲರಿ ಹಾಕಿದ ಒಂದು ಜಾಗ. ಕೆಳಗೆ ಕಾರು ನಿಲ್ಲಿಸಿ ಮೇಲಕ್ಕೆ ಬಸ್ಸು. ಇದ್ಯಾವುದೂ ರಾಕೆಟ್ ಹಾರಿಸೋ ಅಂಥ ಕೆಲಸ ಅಲ್ಲ. ಅಷ್ಟು ದುಡ್ಡು ತಗೊಳ್ಳೋ ಜಾಗದಲ್ಲಿ ಇಷ್ಟನ್ನ ಕೇಳೋಕೆ ನಮಗೆ ಹಕ್ಕಿದೆ.

ಪೆಡಲ್ ಮಂಜಣ್ಣ

ಬಸ್ಸಿನ ಮಾತಿಗೆ ನನ್ನ ಪೂರ್ತಿ ಬೆಂಬಲ. ರೋಪ್‌ವೇಗೆ 2023ರಲ್ಲಿ ಶಂಕುಸ್ಥಾಪನೆ ಮಾಡಿದ್ರು. 2025ರ ಜುಲೈ 2ಕ್ಕೆ ರಾಜ್ಯದ ಸಚಿವ ಸಂಪುಟ ಸಭೆಯನ್ನೇ ಬೆಟ್ಟದ ಮೇಲೆ ನಡೆಸಿದ್ರು. ಗಮನ ಇಲ್ಲ ಅನ್ನೋ ಹಾಗಿಲ್ಲ. ಆದ್ರೆ ರೋಪ್‌ವೇ ಬಂದ್ರೆ ಮೇಲೆ ಹೋಗೋ ಜನ ಇನ್ನೂ ಜಾಸ್ತಿ ಆಗ್ತಾರೆ. ಆ ನೆತ್ತಿ ಮೇಲೆ ಒಂದು ಸಲಕ್ಕೆ ಎಷ್ಟು ಜನ ನಿಲ್ಲಬಹುದು ಅನ್ನೋದನ್ನ ಮೊದಲು ತೀರ್ಮಾನಿಸಬೇಕು.

ನಂದಿ ಊರಿನವಳು

ಜನಕ್ಕೆ ಮಿತಿ ಹಾಕಿದ್ರೆ ನಮ್ಮತ್ತೆಯಂಥವರ ಗತಿ? ಅದನ್ನೂ ಯೋಚಿಸಿ ಅಣ್ಣಾ. ವಾರಕ್ಕೆ ಎರಡು ದಿನ ನೂಕುನುಗ್ಗಲು, ಐದು ದಿನ ಖಾಲಿ, ಇದು ನಮಗೂ ಬೇಡ. ವಾರ ಪೂರ್ತಿ ಹಂಚಿಕೊಂಡು ಬಂದ್ರೆ ನಮಗೆ ಅಷ್ಟೇ ವ್ಯಾಪಾರ, ಊರಿಗೆ ನಿದ್ದೆ. ಕೆಳಗೆ ಗುಡಿ ಹತ್ತಿರ ನಿಂತರೆ ಅಲ್ಲೂ ಎಳನೀರು, ದ್ರಾಕ್ಷಿ ಮಾರೋರಿದ್ದಾರೆ.

ಬೆಳಗಿನ ಪಯಣಿಗ

ಅಕ್ಕಾ, ನೀವು ಹೇಳಿದ್ದು ಸರಿ. ನಾವು ಈ ಸಲ ವಾರದ ದಿನವೇ ಬರ್ತೀವಿ, ಮೊದಲು ಗುಡಿಗೆ. ಅಪ್ಪನಿಗೆ ಕಾರಲ್ಲಿ ಕೂತರೆ ಮಂಡಿ ಹಿಡ್ಕೊಳ್ಳುತ್ತೆ, ರೈಲಲ್ಲಿ ಬರಬಹುದಾ?

ನಂದಿ ಊರಿನವಳು

ಧಾರಾಳವಾಗಿ. ಯಲಹಂಕ–ಚಿಕ್ಕಬಳ್ಳಾಪುರ ಲೈನಲ್ಲಿ ನಂದಿ ಹಾಲ್ಟ್ ಅಂತ ಸ್ಟೇಷನ್ ಇದೆ, ಬಹಳ ಹಳೇದು. ರೈಲುಗಳು ಕಮ್ಮಿ, ಹೋಗೋ ಹೊತ್ತು, ಬರೋ ಹೊತ್ತು ಎರಡನ್ನೂ ಮೊದಲೇ ನೋಡ್ಕೊಂಡು ಹೊರಡಿ. ಸ್ಟೇಷನ್ನಿಂದ ಗುಡಿ ದೂರ ಇಲ್ಲ. ನಡೆಯೋಕೆ ಆಗುತ್ತೆ, ಆದ್ರೆ ಮಂಡಿ ನೋವಿರೋರಿಗೆ ಆಟೋ ಒಳ್ಳೇದು, ಸ್ಟೇಷನ್ ಹತ್ತಿರ ಯಾವಾಗಲೂ ನಿಂತಿರಲ್ಲ, ಊರಿಂದ ಕರೆಸ್ಕೋಬೇಕು. ಗುಡಿ ಅಂಗಳದಲ್ಲೂ ಕೋತಿ ಇವೆ. ಅಮ್ಮನ ಮಾತ್ರೆ ಬ್ಯಾಗಲ್ಲಿ ಬೇಡ, ನಿಮ್ಮ ಶರ್ಟಿನ ಜೇಬಲ್ಲಿ ಇಟ್ಕೊಳ್ಳಿ.